ಕಣ್ಣು ಮುಚ್ಚಿ ಕೂತರೆ ಹುಟ್ಟುಗುಣ ಬದಲಾಗುತ್ತದೆಯೇ?

ಪರ: ಹೋಗುವುದಿಲ್ಲ, ಇಳಿಯುತ್ತದೆ
(ಪದವಿ ಕಾಲೇಜಿನ ಮನಶ್ಶಾಸ್ತ್ರ ಅಧ್ಯಾಪಕ)

ಈ ಪ್ರಶ್ನೆಗೆ ಹೌದು ಎಂದು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಹತ್ತೊಂಬತ್ತು ವರ್ಷಗಳಿಂದ ವ್ಯಕ್ತಿತ್ವದ ಪಾಠ ಮಾಡುತ್ತಿದ್ದೇನೆ ಎಂಬುದೊಂದೇ ನನ್ನ ಅರ್ಹತೆ. ದಿನವೂ ಬೆಳಿಗ್ಗೆ ಚಾಪೆ ಹಾಸಿ ಕೂರುವವನು ನಾನಲ್ಲ. ಬರೆಯಲು ಕೂತು ಹಳೆಯ ಟಿಪ್ಪಣಿಗಳನ್ನು ತಿರುವಿದ ಮೇಲೆ ಮುಕ್ಕಾಲು ಪಾಲು ಒಪ್ಪಿಗೆಯಾಗಿದೆ. ಉಳಿದ ಕಾಲು ಭಾಗವನ್ನು ಕರ್ತವ್ಯದ ಲೆಕ್ಕಕ್ಕೆ ಹಾಕಿಕೊಳ್ಳಿ.

ಮೊದಲು ಪದದ ವಿಷಯ. ಈಗ ಎಲ್ಲರ ಬಾಯಲ್ಲಿರುವ ಮೈಂಡ್‌ಫುಲ್‌ನೆಸ್ ಎಂಬುದು ಪಾಲಿ ಭಾಷೆಯ ‘ಸತಿ’ಗೆ ಬ್ರಿಟಿಷ್ ವಿದ್ವಾಂಸ ರೀಸ್ ಡೇವಿಡ್ಸ್ 1881ರಲ್ಲಿ ಕೊಟ್ಟ ಇಂಗ್ಲಿಷ್ ರೂಪ. ಸಂಸ್ಕೃತದಲ್ಲಿ ಅದು ಸ್ಮೃತಿ. ಕನ್ನಡದಲ್ಲಿ ಕೆಲವರು ಸಾವಧಾನ ಎನ್ನುತ್ತಾರೆ. ನಮ್ಮ ಅಜ್ಜಿ ‘ಮೈಮೇಲೆ ಎಚ್ಚರ ಇರಲಿ’ ಎನ್ನುತ್ತಿದ್ದುದೂ ಬಹುಶಃ ಇದನ್ನೇ. 1979ರಲ್ಲಿ ಜಾನ್ ಕಬಟ್-ಝಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಎಂಟು ವಾರಗಳ ತರಬೇತಿಯಾಗಿ ಕಟ್ಟಿದರು. ವಾರಕ್ಕೊಮ್ಮೆ ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯ ಅಭ್ಯಾಸ, ನಡುವೆ ಒಂದು ಇಡೀ ದಿನದ ಮೌನ. ದೇವರ ಮಾತಿಲ್ಲ, ಮಂತ್ರವಿಲ್ಲ. ಉಸಿರು, ಮೈ, ಮನಸ್ಸಿನಲ್ಲಿ ಬಂದು ಹೋಗುವುದರ ಮೇಲೆ ಗಮನ, ಅಷ್ಟೇ.

ಇನ್ನು ಗುಣ. ಮನುಷ್ಯನ ಸ್ವಭಾವವನ್ನು ನಮ್ಮ ಶಾಸ್ತ್ರ ಐದು ಕೋಲುಗಳಿಂದ ಅಳೆಯುತ್ತದೆ. ಹೊಸದಕ್ಕೆ ತೆರೆದ ಮನಸ್ಸು, ಅಚ್ಚುಕಟ್ಟುತನ, ಜನರ ನಡುವೆ ಅರಳುವ ಗುಣ, ಹೊಂದಿಕೊಂಡು ಹೋಗುವ ಗುಣ, ಕೊನೆಯದಾಗಿ ತಳಮಳದ ಗುಣ. ಸಣ್ಣದಕ್ಕೂ ಕಳವಳ, ಸಣ್ಣದಕ್ಕೂ ಸಿಟ್ಟು, ಎಂದೋ ಆದದ್ದನ್ನು ರಾತ್ರಿಯೆಲ್ಲ ಮೆಲುಕು ಹಾಕುವುದು. ಪಠ್ಯಪುಸ್ತಕದಲ್ಲಿ ಇದರ ಹೆಸರು ನ್ಯೂರಾಟಿಸಿಸಂ. ಇದು ಕಾಯಿಲೆಯಲ್ಲ, ಉಪ್ಪಿನ ಹಾಗೆ, ಎಲ್ಲರಲ್ಲೂ ಇದ್ದು ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ.

ಎಚ್ಚರವನ್ನು ಅಳೆಯಲೂ ಕೋಲಿದೆ. 2003ರಲ್ಲಿ ಬ್ರೌನ್ ಮತ್ತು ರಯಾನ್ ರೂಪಿಸಿದ ಪ್ರಶ್ನಾವಳಿಯಲ್ಲಿ ಹದಿನೈದು ಹೇಳಿಕೆಗಳಿವೆ. ತಿನ್ನುತ್ತಿದ್ದೇನೆ ಎಂಬ ಗಮನವೇ ಇಲ್ಲದೆ ಕುರುಕಲು ತಿನ್ನುತ್ತೇನೆ, ಹೊಸಬರ ಹೆಸರನ್ನು ಕೇಳಿದ ಮರುಕ್ಷಣವೇ ಮರೆಯುತ್ತೇನೆ, ಇಂಥವು. ಪ್ರತಿಯೊಂದಕ್ಕೂ ಒಂದರಿಂದ ಆರರವರೆಗೆ ಅಂಕ. ಪ್ರತಿ ವರ್ಷ ಇದನ್ನು ತರಗತಿಯಲ್ಲಿ ಓದಿ ಹೇಳುತ್ತೇನೆ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ‘ಸರ್, ಪ್ರಶ್ನೆ ಏನು?’ ಎಂದು ಕೇಳುತ್ತಾರೆ. ಅವರ ಅಂಕ ಕೂಡುವ ಅಗತ್ಯವೇ ಬೀಳುವುದಿಲ್ಲ.

ಈ ಎರಡು ಕೋಲುಗಳನ್ನೂ ಒಟ್ಟಿಗೆ ಹಿಡಿದು ನೋಡಿದ ಅಧ್ಯಯನಗಳನ್ನು 2009ರಲ್ಲಿ ಒಂದೆಡೆ ಕೂಡಿಸಿ ಲೆಕ್ಕ ಹಾಕಲಾಯಿತು. ಎಚ್ಚರಕ್ಕೆ ಅತಿ ಗಟ್ಟಿಯಾದ ಸಂಬಂಧ ಇದ್ದದ್ದು ತಳಮಳದ ಗುಣದೊಂದಿಗೆ, ಅದೂ ಉಲ್ಟಾ ಸಂಬಂಧ: ಒಂದು ಏರಿದ ಕಡೆ ಇನ್ನೊಂದು ಇಳಿದಿರುತ್ತದೆ. ಅನಂತರ ಅಚ್ಚುಕಟ್ಟುತನದೊಂದಿಗೆ. ಜನರ ನಡುವೆ ಅರಳುವ ಗುಣಕ್ಕೂ ಇದಕ್ಕೂ ನಂಟು ತೆಳು. ಧ್ಯಾನ ಮಾಡುವವರೆಲ್ಲ ಮಾತು ಕಡಿಮೆಯವರು ಎಂಬ ನಂಬಿಕೆ ಅಲ್ಲಿಗೆ ಬಿತ್ತು.

ಜೊತೆಗಿದೆ ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎಂದಲ್ಲ ಎಂದು ನನ್ನ ವಿದ್ಯಾರ್ಥಿಗಳೇ ಹೇಳಿಯಾರು. ಸರಿ. ಹಾಗಾಗಿ ತರಬೇತಿ ಕೊಟ್ಟು ನೋಡಿದವರ ಕಡೆಗೆ ಹೋಗೋಣ. ನಾರ್ವೆಯಲ್ಲಿ 288 ವೈದ್ಯಕೀಯ ಮತ್ತು ಮನಶ್ಶಾಸ್ತ್ರ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ತರಬೇತಿ ಕೊಟ್ಟರು. ಹೆಚ್ಚು ಲಾಭ ಪಡೆದವರು ಯಾರು? ಮೊದಲೇ ಶಾಂತವಾಗಿದ್ದವರಲ್ಲ, ತಳಮಳದ ಗುಣ ಹೆಚ್ಚಿದ್ದವರು. ಅಮೆರಿಕದಲ್ಲಿ 276 ಮಂದಿ ಆತಂಕದ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಂಟು ವಾರಗಳ ಈ ತರಬೇತಿ ಎಸಿಟಲೋಪ್ರಾಮ್ ಎಂಬ ಮಾತ್ರೆಗಿಂತ ಕಡಿಮೆ ಬೀಳಲಿಲ್ಲ. ಸ್ವಭಾವ ಕಲ್ಲಿನಲ್ಲಿ ಕೆತ್ತಿದ್ದಲ್ಲ ಎನ್ನುವುದಕ್ಕೆ ಇನ್ನೂ ದೊಡ್ಡ ಲೆಕ್ಕ 2017ರದು: 207 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಸರಾಸರಿ 24 ವಾರಗಳ ಚಿಕಿತ್ಸೆಯಲ್ಲಿ ಗುಣಗಳು ಅಳತೆಗೆ ಸಿಗುವಷ್ಟು ಬದಲಾಗಿದ್ದವು. ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಅದೇ ತಳಮಳ. (ಅದರಲ್ಲಿ ಹೆಚ್ಚಿನವು ಮನೋಚಿಕಿತ್ಸೆಯ ಅಧ್ಯಯನಗಳು, ಆ ವಿವರ ಇಲ್ಲಿ ಅಷ್ಟು ಮುಖ್ಯವಲ್ಲ.)

ಸ್ವಂತ ಅನುಭವ ಹೇಳಿ ಎಂದೂ ಸಂಪಾದಕರು ಕೇಳಿದ್ದಾರೆ. ನನ್ನದು ಬೀಗದ ಕಥೆ. ಮನೆಗೆ ಬೀಗ ಹಾಕಿ ಬಸ್ ನಿಲ್ದಾಣಕ್ಕೆ ಬರುತ್ತೇನೆ. ಹಾಕಿದೆನೋ ಇಲ್ಲವೋ? ತಿರುಗಿ ಹೋಗಿ ಜಗ್ಗಿ ನೋಡುತ್ತೇನೆ. ಮತ್ತೆ ನಿಲ್ದಾಣ, ಮತ್ತೆ ಸಂಶಯ. ಮೂರು ಸಲ ತಿರುಗಿ ಹೋಗಿ ಮೊದಲ ಪೀರಿಯಡ್ಡು ತಪ್ಪಿಸಿಕೊಂಡ ದಿನಗಳಿವೆ. 2019ರಲ್ಲಿ ಅಧ್ಯಾಪಕರಿಗೆಂದು ನಡೆದ ಎಂಟು ವಾರಗಳ ತರಬೇತಿಗೆ ನಾನೂ ಹೆಸರು ಕೊಟ್ಟೆ, ಅರ್ಧ ಕುತೂಹಲಕ್ಕೆ, ಅರ್ಧ ಪ್ರಾಂಶುಪಾಲರ ಒತ್ತಾಯಕ್ಕೆ. ಅಲ್ಲಿ ಬೀಗದ ವಿಷಯ ಯಾರೂ ಎತ್ತಲಿಲ್ಲ. ಆದರೆ ಆರನೆಯ ವಾರದ ಒಂದು ಬೆಳಿಗ್ಗೆ ಬೀಗ ತಿರುಗಿಸುವಾಗ ಅದರ ಹಿತ್ತಾಳೆಯ ತಣ್ಣನೆಯ ಮೈ, ಕೀಲಿ ಕೊನೆಯ ಸುತ್ತಿಗೆ ಬಂದಾಗ ಬೆರಳಿಗೆ ತಾಗುವ ಸಣ್ಣ ಒದೆತ, ‘ಟಕ್’ ಎಂಬ ಸದ್ದು, ಇವನ್ನು ನಾನು ಮೊದಲ ಸಲ ಗಮನಿಸಿದೆ. ಇಪ್ಪತ್ತು ವರ್ಷ ಹಾಕಿದ ಬೀಗ ಅದು. ಅಂದು ನಿಲ್ದಾಣದಲ್ಲಿ ಸಂಶಯ ಬಂದಾಗ ಬೆರಳು ಆ ಒದೆತವನ್ನು ನೆನೆಸಿಕೊಂಡಿತು. ಈಗಲೂ ಸಂಶಯ ಬರುತ್ತದೆ, ಬರುವುದಿಲ್ಲ ಎಂದು ಸುಳ್ಳು ಹೇಳಲಾರೆ. ಮೂರು ಸಲ ಇದ್ದದ್ದು ಒಂದು ಸಲಕ್ಕೆ ಇಳಿದಿದೆ. ಕೆಲವು ದಿನ ಒಂದೂ ಇಲ್ಲ.

ನನಗೆ ನಿಜವಾಗಿ ಹಿಡಿಸಿದ ಸಾಕ್ಷಿ ಮಾತ್ರ ಈ ಕಾಲದ್ದಲ್ಲ. ಐದನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬೌದ್ಧ ಪಂಡಿತ ಬುದ್ಧಘೋಷ ಬರೆದ ವಿಸುದ್ಧಿಮಗ್ಗ ಎಂಬ ಗ್ರಂಥ ಮನುಷ್ಯರನ್ನು ಆರು ಚರಿತಗಳಾಗಿ, ಅಂದರೆ ಸ್ವಭಾವಗಳಾಗಿ, ವಿಂಗಡಿಸುತ್ತದೆ: ರಾಗ, ದ್ವೇಷ, ಮೋಹ, ಶ್ರದ್ಧೆ, ಬುದ್ಧಿ, ವಿತರ್ಕ. ಹೊಸದಾಗಿ ಬಂದವನ ಸ್ವಭಾವ ಯಾವುದೆಂದು ಗುರು ತಿಳಿಯುವುದು ಹೇಗೆ? ಪ್ರಶ್ನಾವಳಿ ಕೊಟ್ಟಲ್ಲ. ಅವನು ನಡೆಯುವುದನ್ನು, ಉಣ್ಣುವುದನ್ನು, ಕಸ ಗುಡಿಸುವುದನ್ನು ನೋಡಿ. ರಾಗದವನು ಪೊರಕೆಯನ್ನು ಹದವಾಗಿ ಹಿಡಿದು, ಮರಳು ಚದುರದಂತೆ, ಹೂವು ಹರಡಿದ ಹಾಗೆ ಅವಸರವಿಲ್ಲದೆ ಗುಡಿಸುತ್ತಾನೆ. ದ್ವೇಷದವನು ಬಿಗಿಮುಷ್ಟಿಯಲ್ಲಿ ಹಿಡಿದು, ಕರಕರ ಸದ್ದು ಮಾಡುತ್ತಾ, ಎರಡೂ ಬದಿಗೆ ಮರಳು ಎರಚುತ್ತಾ ಗುಡಿಸುತ್ತಾನೆ. ಮೋಹದವನ ಹಿಡಿತ ಸಡಿಲ. ಕಸವನ್ನು ಇದ್ದಲ್ಲೇ ಕಲಸಿ ಬರುತ್ತಾನೆ. ಇದನ್ನು ಓದಿದ ಮೇಲೆ ನಮ್ಮ ಕಾಲೇಜಿನ ಅಂಗಳ ಗುಡಿಸುವಾಕೆಯನ್ನು ಒಂದು ವಾರ ಕಿಟಕಿಯಿಂದ ನೋಡಿದೆ. ಸೋಮವಾರ ದ್ವೇಷ, ಸಂಬಳದ ದಿನ ರಾಗ.

ತಮಾಷೆ ಇರಲಿ. ಸ್ವಭಾವ ತಿಳಿದ ಮೇಲೆ ಬುದ್ಧಘೋಷ ಅದಕ್ಕೆ ತಕ್ಕ ಅಭ್ಯಾಸ ಹೇಳುತ್ತಾನೆ. ಸಿಟ್ಟಿನವನಿಗೆ ಮೈತ್ರಿ, ಕರುಣೆ. ತಲೆಯಲ್ಲಿ ಸಾವಿರ ಯೋಚನೆ ಓಡುವವನಿಗೆ ಉಸಿರಿನ ಗಮನ. ಇಂದಿನ ಮೊಬೈಲ್ ಆ್ಯಪ್‌ಗಳು ಎಲ್ಲರಿಗೂ ಉಸಿರನ್ನೇ ಹಂಚುತ್ತವೆ, ಬಂದ ರೋಗಿಗಳಿಗೆಲ್ಲ ಒಂದೇ ಮಿಕ್ಸ್ಚರ್ ಕೊಡುತ್ತಿದ್ದ ಹಳೆಯ ಕಾಂಪೌಂಡರನ ಹಾಗೆ. ಇನ್ನೂ ಒಂದು ಸೂಕ್ಷ್ಮ ಮಾತು ಅಲ್ಲಿದೆ: ದ್ವೇಷದ ಸ್ವಭಾವಕ್ಕೂ ಬುದ್ಧಿಯ ಸ್ವಭಾವಕ್ಕೂ ಹತ್ತಿರದ ನಂಟು. ದ್ವೇಷ ಇಲ್ಲದ ದೋಷವನ್ನು ಹುಡುಕುತ್ತದೆ, ಬುದ್ಧಿ ಇರುವ ದೋಷವನ್ನು ಹುಡುಕುತ್ತದೆ. ಅಂದರೆ ಗುಣವನ್ನು ಕಿತ್ತು ಎಸೆಯುವ ಮಾತೇ ಇಲ್ಲ. ಅದೇ ನೀರು, ಕಾಲುವೆ ಬೇರೆ.

ಎದುರು ಬರೆಯುವವರು ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಹೊದ್ದು ಕೂರುತ್ತಾರೆ ಎಂದು ನನಗೆ ಗೊತ್ತು. ಅದು ನಿಜವಾಗಿದ್ದರೆ ಯಾರೂ ಶಾಲೆ ತೆರೆಯುತ್ತಿರಲಿಲ್ಲ, 1994ರಲ್ಲಿ ತಿಹಾರ್ ಜೈಲಿನೊಳಗೆ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ವಿಪಶ್ಯನದ ಹತ್ತು ದಿನದ ಶಿಬಿರಕ್ಕೆ ಕೂರಿಸುತ್ತಲೂ ಇರಲಿಲ್ಲ. ಪುರಾಣದ ಋಷಿಗಳ ಉದಾಹರಣೆಯೂ ಬರಬಹುದು. ಪುರಾಣಕ್ಕೆ ಉತ್ತರಿಸುವುದು ನನ್ನ ವಿಷಯವಲ್ಲ.


ವಿರೋಧ: ಅಣ್ಣನ ಐದು ಶಿಬಿರಗಳು
(ನಿವೃತ್ತ ಅಂಚೆ ನೌಕರೆ)

ನಿಮ್ಮ ವಿಷಯವಲ್ಲದಿದ್ದರೆ ಬಿಡಿ ಮೇಷ್ಟ್ರೇ, ನಾನು ಹೇಳುತ್ತೇನೆ. ದೂರ್ವಾಸರು ಎಂಟು ವಾರ ಕೂತವರಲ್ಲ, ಯುಗಗಟ್ಟಲೆ ಕೂತವರು. ಗಾಳಿ ಕುಡಿದು, ನೀರು ಕುಡಿದು, ಹುತ್ತ ಬೆಳೆಯುವಷ್ಟು ಕಾಲ ಕೂರುವ ಪಂಗಡದವರು. ಅಷ್ಟೆಲ್ಲ ಆಗಿ ಕಣ್ವರ ಆಶ್ರಮದ ಬಾಗಿಲಿಗೆ ಬಂದರು. ಶಕುಂತಲೆ ಗಂಡನ ನೆನಪಿನಲ್ಲಿ ಮೈಮರೆತಿದ್ದಳು, ಬಂದವರನ್ನು ನೋಡಲಿಲ್ಲ. ಅಷ್ಟಕ್ಕೇ ಶಾಪ. ಮೇಷ್ಟ್ರ ಹದಿನೈದು ಪ್ರಶ್ನೆಗಳನ್ನು ಕೊಟ್ಟಿದ್ದರೆ ಎಚ್ಚರದಲ್ಲಿ ಫೇಲಾಗುತ್ತಿದ್ದವಳು ಆ ಹುಡುಗಿ. ಋಷಿ ಡಿಸ್ಟಿಂಕ್ಷನ್ನಿನಲ್ಲಿ ಪಾಸಾಗುತ್ತಿದ್ದರು.

ಮೂವತ್ತಾರು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತಿದ್ದೇನೆ. ಜನರ ಸ್ವಭಾವದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಕಿಟಕಿಯಿಂದ ಕಂಡದ್ದು. ಪಿಂಚಣಿ ತೆಗೆದುಕೊಳ್ಳಲು ಬರುತ್ತಿದ್ದ ಒಬ್ಬರು ನೋಟನ್ನು ಮೂರು ಸಲ ಎಣಿಸುತ್ತಿದ್ದರು. ಒಮ್ಮೆ ನನ್ನೆದುರು, ಒಮ್ಮೆ ಕಂಬದ ಪಕ್ಕ, ಒಮ್ಮೆ ಹೊರಗೆ ಸೈಕಲ್ ಹತ್ತುವ ಮೊದಲು. ನಾನು ಸೇರಿದ ವರ್ಷವೂ ಮೂರು ಸಲ, ಅವರು ಮೊಮ್ಮಗನ ತೋಳು ಹಿಡಿದು ಬರುವಂತಾದಾಗಲೂ ಮೂರು ಸಲ. ಸೈಕಲ್ ಹೋಗಿ ಆಟೊ ಬಂತು, ಆಟೊದ ಪಕ್ಕ ನಿಂತು ಎಣಿಸಿದರು. ಅಂಚೆಚೀಟಿಯನ್ನು ನೆಟ್ಟಗೆ ಅಂಟಿಸುವವರು ಕೊನೆಯವರೆಗೂ ನೆಟ್ಟಗೇ ಅಂಟಿಸುತ್ತಾರೆ. ಡಬ್ಬದಲ್ಲಿದ್ದ ಗೋಂದನ್ನು ಕೌಂಟರಿಗೆಲ್ಲ ಬಳಿಯುವವರು ಅಂಟುಚೀಟಿ ಬಂದ ಮೇಲೆ ಅದರ ಕಾಗದವನ್ನು ಕೌಂಟರಿನ ಮೇಲೆ ಬಿಟ್ಟು ಹೋಗುತ್ತಾರೆ.

ಮಗಳು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಅವಳು ಹೇಳಿದ್ದು: ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ಈ ಐದು ಗುಣಗಳಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದ ಶೇ. 40ರಿಂದ 50ರಷ್ಟು ವಂಶದಿಂದ ಬಂದದ್ದು. ಉಳಿದರ್ಧ ಎಲ್ಲಿಂದ ಬರುತ್ತದೆ ಎಂದು ಕೇಳಬೇಡಿ. ಉಳಿದರ್ಧಕ್ಕೆ ಅತ್ತೆಯ ಮನೆ ಇದೆ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಕೃಷ್ಣನೇ ಹೇಳುತ್ತಾನಲ್ಲ, ಜ್ಞಾನಿಯೂ ತನ್ನ ಪ್ರಕೃತಿಗೆ ತಕ್ಕಂತೆಯೇ ನಡೆಯುತ್ತಾನೆ, ನಿಗ್ರಹದಿಂದ ಏನಾದೀತು ಎಂದು. ಆರನೆಯ ಅಧ್ಯಾಯದಲ್ಲಿ ಅಭ್ಯಾಸದಿಂದ ಮನಸ್ಸು ಹಿಡಿತಕ್ಕೆ ಬರುತ್ತದೆ ಎಂದೂ ಹೇಳಿದ್ದಾನೆ ಎಂದು ಮಗಳು ನೆನಪಿಸಿದಳು. ಅದು ಮೇಷ್ಟ್ರು ಬಳಸಿಕೊಳ್ಳಬೇಕಿದ್ದ ಶ್ಲೋಕ, ನನ್ನದಲ್ಲ.

ಅವರ ಬೀಗದ ಕಥೆ ನನಗೆ ಬಹಳ ಹಿಡಿಸಿತು. ಹಿತ್ತಾಳೆಯ ತಂಪು, ಕೀಲಿಯ ಒದೆತ, ಎಲ್ಲ ಸರಿ. ಆದರೆ ಮೂರು ಸಲ ಒಂದು ಸಲಕ್ಕೆ ಇಳಿದದ್ದು ಉಸಿರಿನಿಂದಲೋ ಮಂಡಿನೋವಿನಿಂದಲೋ? ತಮಾಷೆಗೆ ಹೇಳುತ್ತಿಲ್ಲ. ವಯಸ್ಸಾಗುತ್ತಾ ಹೋದಂತೆ ತಳಮಳ ತಾನಾಗಿಯೇ ತಗ್ಗುತ್ತದೆ, ಅಚ್ಚುಕಟ್ಟು ಹೆಚ್ಚುತ್ತದೆ ಎಂದು ಅವರ ಶಾಸ್ತ್ರವೇ ಹೇಳುತ್ತದೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಇಟ್ಟರೂ ಹಣ್ಣಾಗುತ್ತದೆ, ಮರದಲ್ಲಿ ಬಿಟ್ಟರೂ ಹಣ್ಣಾಗುತ್ತದೆ. ಹುಲ್ಲು ಮಾರುವವನು ಮಾತ್ರ ತನ್ನಿಂದಲೇ ಹಣ್ಣಾಯಿತು ಎನ್ನುತ್ತಾನೆ.

ಮಾತ್ರೆಗೆ ಸಮ ಎಂಬ ಪರೀಕ್ಷೆಯ ಬಗ್ಗೆ ಬರೆದಿದ್ದಾರೆ. ಇರಬಹುದು. ತಲೆನೋವಿಗೆ ಮಾತ್ರೆ ನುಂಗಿದರೆ ನೋವು ಹೋಗುತ್ತದೆ, ತಲೆ ಬದಲಾಗುತ್ತದೆಯೇ? ಅದಕ್ಕಿಂತ ಹೆಚ್ಚಿಗೆ ಅದರ ಬಗ್ಗೆ ನಾನು ಹೇಳುವುದಿಲ್ಲ. ಇಂಗ್ಲೆಂಡಿನ ಕಥೆಯನ್ನು ಅವರು ಏಕೆ ಬಿಟ್ಟರು ಎಂದು ಮಾತ್ರ ಕೇಳುತ್ತೇನೆ. ಬ್ರಿಟನ್ನಿನ 84 ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇಟ್ಟುಕೊಂಡು ನಡೆಸಿದ ದೊಡ್ಡ ಪರೀಕ್ಷೆಯ ಫಲಿತಾಂಶವೂ ಅದೇ 2022ರಲ್ಲಿ ಬಂತು. ಈ ಪಾಠ ಕಲಿತ ಮಕ್ಕಳಿಗೂ ಮಾಮೂಲಿ ಪಾಠ ಕಲಿತ ಮಕ್ಕಳಿಗೂ ಮನಸ್ಸಿನ ಆರೋಗ್ಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲವಂತೆ. ಮಾಡುವ ಸ್ವಭಾವದವರು ಮಾಡುತ್ತಾರೆ, ಮಾಡದವರು ಮಾಡುವುದಿಲ್ಲ. ನಾನು ಹೇಳುತ್ತಿರುವುದೂ ಅದನ್ನೇ.

ಎಲ್ಲಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಈ ಪ್ರಶ್ನಾವಳಿಗಳನ್ನು ತುಂಬುವವರು ಯಾರು? ಧ್ಯಾನ ಮಾಡಿದವರೇ. ನಾನು ಈಗ ಶಾಂತ, ನಾನು ಈಗ ಸಿಟ್ಟಾಗುವುದಿಲ್ಲ, ಆರಕ್ಕೆ ಐದು. ಪಾರ್ಸೆಲ್ಲಿನ ಮೇಲೆ ‘ಒಡೆಯುವ ವಸ್ತು, ಜೋಪಾನ’ ಎಂದು ಬರೆದಿದ್ದನ್ನು ನಾವು ಎಂದಾದರೂ ನಂಬಿದೆವೇ? ಅಲ್ಲಾಡಿಸಿ ನೋಡುತ್ತಿದ್ದೆವು. ಹೆಂಡತಿಯನ್ನು ಕೇಳಿ, ತಂಗಿಯನ್ನು ಕೇಳಿ, ಡ್ರೈವರನ್ನು ಕೇಳಿ.

ನಾನು ತಂಗಿ. ಕೇಳಿ.

ನಮ್ಮ ಅಣ್ಣ ಕಟ್ಟಡದ ಕಂಟ್ರಾಕ್ಟರ್ ಆಗಿದ್ದವನು. ನಮ್ಮ ತಂದೆಯ ಸಿಟ್ಟು ಆಸ್ತಿಯ ಹಾಗೆ ಭಾಗವಾಗದೆ ಪೂರ್ತಿ ಅವನಿಗೇ ಬಂದಿದೆ. ಎಂಟು ವರ್ಷಗಳ ಹಿಂದೆ ರಕ್ತದೊತ್ತಡ ಏರಿತು, ಯಾರೋ ಹೇಳಿದರು, ಹತ್ತು ದಿನದ ಶಿಬಿರಕ್ಕೆ ಹೋದ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ಮಧ್ಯಾಹ್ನದ ಮೇಲೆ ಊಟವಿಲ್ಲ, ಹತ್ತನೆಯ ದಿನದ ಬೆಳಿಗ್ಗೆಯವರೆಗೆ ಆರ್ಯಮೌನ ಎಂಬ ಪೂರ್ತಿ ಮೌನ, ಫೋನ್ ಇಲ್ಲ. ತೆಳ್ಳಗಾಗಿ, ಮುಖದಲ್ಲಿ ಕಳೆ ತುಂಬಿಕೊಂಡು ಬಂದ. ನಾವೆಲ್ಲ ಕಣ್ಣಿಗೆ ಒತ್ತಿಕೊಂಡೆವು. ಆ ಶಾಂತಿ ಹನ್ನೊಂದು ದಿನ ಇತ್ತು. ಅತ್ತಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು. ಹನ್ನೆರಡನೆಯ ದಿನ ಗ್ಯಾಸ್ ಸಿಲಿಂಡರ್ ತಂದ ಹುಡುಗನ ಮೇಲೆ ರೇಗಿದ್ದು ನಮ್ಮ ಬೀದಿಯವರೆಗೆ ಕೇಳಿಸಿತು. ಅಲ್ಲಾ, ಮಾತೇ ಇಲ್ಲದ ಜಾಗದಲ್ಲಿ ಒಂಬತ್ತು ದಿನ ಯಾರೊಂದಿಗೂ ಜಗಳವಾಡದಿರುವುದು ಯಾವ ದೊಡ್ಡ ವಿಷಯ? ಗೋಡೆಗಳೂ ಆಡುವುದಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಐದು ಶಿಬಿರ ಮುಗಿಸಿದ್ದಾನೆ. ಮೇಷ್ಟ್ರ ಪೊರಕೆಯ ವಿಷಯ ಓದಿ ನನಗೆ ನಗು ಬಂತು. ಶಿಬಿರದ ಕೊನೆಯ ಬೆಳಿಗ್ಗೆ ಅವರವರ ಕೋಣೆಯನ್ನು ಅವರವರೇ ಗುಡಿಸಿ ಬರಬೇಕು. ಅಣ್ಣ ಗುಡಿಸಿದ್ದಾನೆ, ಐದು ಸಲವೂ, ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಮನೆಯಲ್ಲಿ ಪೊರಕೆ ಎಲ್ಲಿ ಇಡುತ್ತಾರೆ ಎಂದು ಅವನಿಗೆ ಇಂದಿಗೂ ಗೊತ್ತಿಲ್ಲ. ಅವನ ಚರಿತ ಯಾವುದೆಂದು ಬುದ್ಧಘೋಷ ನಮ್ಮ ಮನೆಗೆ ಬಂದು ನೋಡಿದರೆ ತಿಳಿಯುವುದಿಲ್ಲ. ಅತ್ತಿಗೆಯ ಚರಿತ ತಿಳಿದೀತು.

ಈಗ ಮದುವೆಯ ವಿಷಯಕ್ಕೆ ಬರುತ್ತೇನೆ. ಕಳೆದ ವೈಶಾಖದಲ್ಲಿ ನನ್ನ ದೊಡ್ಡ ಮಗಳ ಮದುವೆ. ಅಡುಗೆಗೆ ಒಪ್ಪಿಕೊಂಡವರು ನಮ್ಮ ತಾಯಿಯ ಕಾಲದಿಂದಲೂ ನಮ್ಮ ಮನೆಗೆ ಬರುವ ಭಟ್ಟರು, ಅರವತ್ತೈದು ದಾಟಿದವರು. ಮುನ್ನೂರು ಎಲೆ ಎಂದು ಲೆಕ್ಕ ಕೊಟ್ಟಿದ್ದೆವು. ಅಣ್ಣ ಯಾರಿಗೂ ಹೇಳದೆ ತನ್ನ ಹಳೆಯ ಕೆಲಸದವರು, ಮೇಸ್ತ್ರಿಗಳು, ಶಿಬಿರದ ಗೆಳೆಯರು ಎಂದು ಎಪ್ಪತ್ತು ಮಂದಿಯನ್ನು ಕರೆದಿದ್ದ. ಕರೆದದ್ದು ತಪ್ಪಲ್ಲ, ಹೇಳಬೇಕಿತ್ತು. ಮೂರನೆಯ ಪಂಕ್ತಿಗೆ ಚಿರೋಟಿ ಮುಗಿಯಿತು. ಭಟ್ಟರು ಗಾಬರಿಯಾಗದೆ ರವೆ ಹುರಿಯಲು ಇಟ್ಟು, ಕೇಸರಿಬಾತ್ ಇಪ್ಪತ್ತು ನಿಮಿಷದಲ್ಲಿ ಬರುತ್ತದೆ, ಅಷ್ಟರಲ್ಲಿ ಕೋಸಂಬರಿ, ಪಲ್ಯ ಬಡಿಸುತ್ತಿರಿ ಎಂದು ಹುಡುಗರಿಗೆ ಹೇಳಿದ್ದರು. ಅಷ್ಟರಲ್ಲಿ ಅಣ್ಣ ಅಡುಗೆಮನೆಗೆ ನುಗ್ಗಿದ. ನಾನು ಬಾಗಿಲಲ್ಲೇ ಇದ್ದೆ. ‘ಮರ್ಯಾದೆ ತೆಗೆದಿರಿ, ಸಾಮಾನು ಮನೆಗೆ ಸಾಗಿಸಿದಿರಾ?’ ಎಂದು ಕೇಳಿಯೇಬಿಟ್ಟ. ಕೊಪ್ಪರಿಗೆಯ ಹತ್ತಿರ ನಿಂತಿದ್ದ ಭಟ್ಟರ ಕೈಯಲ್ಲಿ ಸೌಟು ಇತ್ತು. ಅವರು ಏನೂ ಹೇಳಲಿಲ್ಲ. ಸೌಟನ್ನು ತಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಮತ್ತೆ ರವೆಗೆ ಕೈ ಹಾಕಿದರು. ಸುತ್ತಲಿದ್ದ ಹುಡುಗರೆಲ್ಲ ನೆಲ ನೋಡುತ್ತಿದ್ದರು.

ಇಲ್ಲದ ದೋಷ ಹುಡುಕುವುದು ದ್ವೇಷ, ಇರುವ ದೋಷ ಹುಡುಕುವುದು ಬುದ್ಧಿ ಎಂದು ಮೇಷ್ಟ್ರು ಬರೆದಿದ್ದಾರಲ್ಲ. ನನಗೆ ನೆನಪಾದದ್ದು ಆ ಸೌಟು.

ಮಾರನೆಯ ದಿನ ಬೆಳಿಗ್ಗೆ ಛತ್ರದ ಜಗಲಿಯಲ್ಲಿ ಅಣ್ಣ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿ ಕೂತಿದ್ದ. ಪೂರ್ತಿ ಒಂದು ಗಂಟೆ. ಎದ್ದ ಮೇಲೆ, ‘ಭಟ್ಟರ ಹತ್ತಿರ ಒಂದು ಮಾತು ಹೇಳಿಬಿಡಣ್ಣಾ, ತಪ್ಪಾಯಿತು ಎಂದು’ ಎಂದೆ. ಅವನು ನನ್ನನ್ನು ನೋಡಿದ ಬಗೆ ಇನ್ನೂ ಕಣ್ಣಿಗೆ ಕಟ್ಟಿದೆ, ಮಗುವನ್ನು ನೋಡುವ ಹಾಗೆ. ‘ನೋಡಮ್ಮಾ, ನಿನ್ನೆ ಸಿಟ್ಟು ಬಂತು, ಹೋಯಿತು. ನಾನು ಅದನ್ನು ಗಮನಿಸಿದೆ, ಬಿಟ್ಟೆ. ನೀನೇ ಇನ್ನೂ ಹಿಡಿದುಕೊಂಡಿದ್ದೀಯ’ ಎಂದ. ಹಿಂದಿನ ಅಣ್ಣನಾಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಪಶ್ಚಾತ್ತಾಪವಾಗಿ ಭಟ್ಟರ ಜೇಬಿಗೆ ಐನೂರು ರೂಪಾಯಿ ತುರುಕಿ, ‘ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎನ್ನುತ್ತಿದ್ದ. ಸಿಟ್ಟು ಹಾಗೆಯೇ ಉಳಿದು, ಸಿಟ್ಟಿನ ಹಿಂದೆ ಬರುತ್ತಿದ್ದ ನಾಚಿಕೆ ಮಾತ್ರ ಹೋಗಿದೆ. ಗುಣ ಬದಲಾಗಿದೆ ಎನ್ನುವುದಾದರೆ ಇದೊಂದೇ ಬದಲಾವಣೆ.

ಇದು ನನ್ನ ಅಣ್ಣನ ಕರ್ಮ ಎಂದುಕೊಂಡಿದ್ದೆ. ಆದರೆ ಇದನ್ನೂ ಪ್ರಯೋಗ ಮಾಡಿ ನೋಡಿದ್ದಾರಂತೆ. ಬೇರೆಯವರಿಗೆ ಅನ್ಯಾಯ ಮಾಡಿದ ಒಂದು ಸಂದರ್ಭವನ್ನು ನೆನೆಸಿಕೊಳ್ಳಲು ಹೇಳಿ, ಕೆಲವರನ್ನು ಉಸಿರಿನ ಧ್ಯಾನಕ್ಕೆ ಕೂರಿಸಿದರಂತೆ. ಕೂತವರಲ್ಲಿ ತಪ್ಪಿತಸ್ಥ ಭಾವ ತಗ್ಗಿತು, ಅದರ ಜೊತೆಗೆ ತಪ್ಪನ್ನು ಸರಿಪಡಿಸುವ ಮನಸ್ಸೂ ತಗ್ಗಿತು. ಎಲ್ಲರ ಮೇಲೂ ಕರುಣೆ ಹರಿಸುವ ಧ್ಯಾನ ಮಾಡಿದವರಲ್ಲಿ ಹಾಗೆ ಆಗಲಿಲ್ಲ ಎಂದೂ ಮಗಳು ಸೇರಿಸಿದಳು. ಹಾಗಾದರೆ ಮೇಷ್ಟ್ರ ಬುದ್ಧಘೋಷ ಹೇಳಿದ್ದೇ ಸರಿಯಾಯಿತಲ್ಲ, ಸಿಟ್ಟಿನವನಿಗೆ ಮೈತ್ರಿ ಕೊಡಬೇಕು ಎಂದು ಅವಳ ವಾದ. ಅದನ್ನು ಬರೆಯಬೇಡ ಎಂದೂ ಅವಳೇ ಹೇಳಿದಳು. ಬರೆದಿದ್ದೇನೆ, ಬೇಕಾದರೆ ಮೇಷ್ಟ್ರು ಇಟ್ಟುಕೊಳ್ಳಲಿ.

ಭಟ್ಟರ ಮನೆಗೆ ಕೊನೆಗೆ ನಾನೇ ಹೋದೆ, ಬಾಕಿ ಹಣ, ಒಂದು ಪಂಚೆ, ಹಣ್ಣು ತೆಗೆದುಕೊಂಡು. ಕಾಫಿ ಕೊಟ್ಟರು. ಹೆಂಡತಿ ಒಳಗೆ ಹೋಗುವವರೆಗೆ ಸುಮ್ಮನಿದ್ದು ಆಮೇಲೆ ಹೇಳಿದರು: ‘ಅಮ್ಮಾ, ನಿಮ್ಮ ಅಣ್ಣನವರು ಬೈದದ್ದಕ್ಕೆ ನನಗೆ ಬೇಸರವಿಲ್ಲ. ಮದುವೆಯಲ್ಲಿ ಬೈಸಿಕೊಳ್ಳದ ಅಡುಗೆಯವನು ಯಾರು? ನಿಮ್ಮ ತಂದೆಯವರೂ ಬೈಯುತ್ತಿದ್ದರು. ಬೆಳಿಗ್ಗೆ ಪಾತ್ರೆ ಗಾಡಿಗೆ ಏರಿಸುವಾಗ ಅಣ್ಣನವರು ಎದುರಿಗೆ ಬಂದರು. ಏನೋ ಹೇಳುತ್ತಾರೆ ಎಂದು ನಿಂತೆ. ನನ್ನನ್ನು ನೋಡಿ ನಕ್ಕರಲ್ಲ, ಅದಕ್ಕೆ.’

ಚಿಕ್ಕ ಮಗಳ ಮದುವೆ ಮಾಘದಲ್ಲಿ ಗೊತ್ತಾಗಿದೆ. ಅಡುಗೆ ಇವರದೇ. ಒಪ್ಪಿಕೊಂಡಿದ್ದಾರೆ, ಆದರೆ ಅಡುಗೆಮನೆಯ ಹೊಸಿಲು ದಾಟಿ ಯಾರೂ ಬರಬಾರದು ಎಂಬ ಷರತ್ತಿನ ಮೇಲೆ. ಅಣ್ಣನನ್ನು ಹೊಸಿಲಲ್ಲಿ ತಡೆಯುವವರು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಧಾರೆಯ ಹೊತ್ತಿಗೆ ಸೋದರಮಾವನಾಗಿ ಅವನು ಇರಲೇಬೇಕು, ಆದ್ದರಿಂದ ಧಾರೆ ಮುಗಿದ ಸಂಜೆಗೇ ಶುರುವಾಗುವ ಶಿಬಿರ ಎಲ್ಲಿಯಾದರೂ ಇದೆಯೇ ಎಂದು ಮಗಳ ಮೊಬೈಲಿನಲ್ಲಿ ಹುಡುಕಿಸುತ್ತಿದ್ದೇನೆ. ಬೀಗರೂಟ ಅದರ ಮಾರನೆಯ ದಿನ.